ಹೊಲದ ಲೆಕ್ಕ ಕೊಂಡವನೇ ಬೀಜದ ದರ ಹೇಳುತ್ತಾನೆ



ನಿಮ್ಮೂರಿನ ಬೀಜ-ಗೊಬ್ಬರದಂಗಡಿ ಸಾಹುಕಾರ ಊರಿನ ಪಹಣಿ, ಸೊಸೈಟಿಯ ಲೆಕ್ಕದ ಪುಸ್ತಕ ಎರಡನ್ನೂ ಕೊಂಡುಕೊಂಡ ಅನ್ನಿ. ಯಾವ ಹೊಲದಲ್ಲಿ ಎಷ್ಟು ಮೂಟೆ ಬಂತು, ಯಾರಿಗೆ ಮಳೆ ಕೈಕೊಟ್ಟಿತು, ಯಾರ ತಲೆ ಮೇಲೆ ಎಷ್ಟು ಸಾಲವಿದೆ, ಎಲ್ಲಾ ಅವನಿಗೆ ಗೊತ್ತು. ಆಮೇಲೆ ಚೌಕಾಸಿ ಮಾಡೋಕೆ ನಿಮಗೆ ಏನುಳೀತು?

ಅಮೆರಿಕದಲ್ಲಿ ನಡೆದದ್ದು ಇಂಥದ್ದೇ. 2006ರಲ್ಲಿ ಗೂಗಲ್ ಬಿಟ್ಟು ಬಂದ ಇಬ್ಬರು ಹವಾಮಾನದ ಲೆಕ್ಕ ಹಾಕುವ ಕಂಪನಿ ಕಟ್ಟಿದರು. ಅದೇ ಮುಂದೆ ಕ್ಲೈಮೇಟ್ ಕಾರ್ಪೊರೇಷನ್ ಆಯಿತು. ಬೀಜದ ಕಂಪನಿ ಮಾನ್ಸಾಂಟೊ 2012ರಲ್ಲಿ, ಬಿತ್ತನೆ ಯಂತ್ರದ ಸಾಧನ ಮಾಡುವ ಪ್ರಿಸಿಷನ್ ಪ್ಲಾಂಟಿಂಗನ್ನು ಕೊಂಡಿತು. 2013ರಲ್ಲಿ ಸುಮಾರು 93 ಕೋಟಿ ಡಾಲರಿಗೆ ಕ್ಲೈಮೇಟನ್ನೂ ಕೊಂಡಿತು. ಇಷ್ಟು ದುಡ್ಡು ಕಟ್ಟಡಕ್ಕಲ್ಲ, ಯಂತ್ರಕ್ಕಲ್ಲ. ಮಳೆ, ಮಣ್ಣು, ಇಳುವರಿಯ ಲೆಕ್ಕಕ್ಕೆ! 2018ರಲ್ಲಿ ಕ್ರಿಮಿನಾಶಕ ಮಾರುವ ಬೇಯರ್ ಸುಮಾರು 6,300 ಕೋಟಿ ಡಾಲರಿಗೆ ಮಾನ್ಸಾಂಟೊವನ್ನೇ ನುಂಗಿತು. ಔಷಧಿ, ಬೀಜ, ಹೊಲದ ಲೆಕ್ಕ, ಮೂರೂ ಒಂದೇ ಪೆಟ್ಟಿಗೆಗೆ ಬಿದ್ದವು.

ಲೆಕ್ಕದ ಒಡೆಯ ರೈತನೇ ಎಂದು ಕಂಪನಿಯವರು ಹೇಳುತ್ತಾರೆ. ಒಡೆತನ ಕಾಗದದ ಮೇಲೆ, ಕೀಲಿಕೈ ಅವರ ಕೈಲಿ. ಸಾವಿರಾರು ಹೊಲಗಳ ಲೆಕ್ಕ ಕೂಡಿಸಿದಾಗ ಹುಟ್ಟುವ ಲಾಭದಲ್ಲಿ ರೈತನ ಪಾಲೆಷ್ಟು?

ಮಾರುವವನೊಬ್ಬನೇ ಆದರೆ ಏನಾಗುತ್ತದೆಂದು ಹತ್ತಿ ಬೆಳೆದವರು ಬಲ್ಲರು. ಬಿಟಿ ಹತ್ತಿಯ 450 ಗ್ರಾಂ ಪೊಟ್ಟಣಕ್ಕೆ 1,250 ರೂಪಾಯಿ ಬರೀ ತಂತ್ರಜ್ಞಾನದ ಶುಲ್ಕ ಎಂದು ಕಿತ್ತರು. 2006ರಲ್ಲಿ ಆಂಧ್ರ ಸರ್ಕಾರ ಏಕಸ್ವಾಮ್ಯ ಆಯೋಗದ ಮೆಟ್ಟಿಲು ಹತ್ತಿದ ಮೇಲೆಯೇ ದರ ಇಳಿದದ್ದು. ಅಷ್ಟರಲ್ಲಿ ಸಾಲ ಮಾಡಿ ಬಿತ್ತಿದವನ ಗತಿ?

ಇಂಥ ಖರೀದಿಯನ್ನು ತಡೆಯಲಾಗದು ಎನ್ನುವುದು ಸುಳ್ಳು. ಟ್ರಾಕ್ಟರ್ ಕಂಪನಿ ಜಾನ್ ಡೀರ್, ಅದೇ ಪ್ರಿಸಿಷನ್ ಪ್ಲಾಂಟಿಂಗನ್ನು ಮಾನ್ಸಾಂಟೊದಿಂದ ಕೊಳ್ಳಹೊರಟಾಗ 2016ರಲ್ಲಿ ಅಮೆರಿಕ ಸರ್ಕಾರವೇ ದಾವೆ ಹೂಡಿತು. ವೇಗದ ನಿಖರ ಬಿತ್ತನೆ ಯಂತ್ರದ ಮಾರುಕಟ್ಟೆಯಲ್ಲಿ ಶೇಕಡಾ 86 ಒಂದೇ ಮುಷ್ಟಿಗೆ ಹೋಗುತ್ತದೆ ಎಂದಿತು. 2017ರಲ್ಲಿ ವ್ಯಾಪಾರ ಮುರಿದುಬಿತ್ತು.

ನಮ್ಮಲ್ಲಿ? 2018ರಲ್ಲಿ ಭಾರತದ ಸ್ಪರ್ಧಾ ಆಯೋಗ ಬೇಯರ್-ಮಾನ್ಸಾಂಟೊ ಖರೀದಿಗೆ ಷರತ್ತು ಹಾಕಿ ಒಪ್ಪಿತು. ಇಲ್ಲಿನ ಕೃಷಿ-ಹವಾಮಾನದ ಮಾಹಿತಿಯನ್ನು ಸರ್ಕಾರಕ್ಕೆ ಪುಕ್ಕಟೆ ಕೊಡಬೇಕೆಂಬುದು ಅದರಲ್ಲೊಂದು. ಸರ್ಕಾರ ತನ್ನ ಪಾಲು ಕೇಳಿಕೊಂಡಿತು. ಹೊಲದವನ ಪಾಲು ಕೇಳುವವರ್ಯಾರು?

ಈಗ ನಮ್ಮ ಮೊಬೈಲಿಗೂ ಆ್ಯಪ್‌ಗಳು ಬಂದಿವೆ. ಔಷಧಿಯ ಸಲಹೆ ಪುಕ್ಕಟೆ, ಮಾರುಕಟ್ಟೆ ದರ ಪುಕ್ಕಟೆ! ಪುಕ್ಕಟೆ ಕೊಡೋಕೆ ಅವರೇನು ನಮ್ಮ ಬೀಗರೇ?

ನಮ್ಮ ಬೇಡಿಕೆ ಮೂರು. ನಮ್ಮ ಒಪ್ಪಿಗೆಯಿಲ್ಲದೆ ಹೊಲದ ಲೆಕ್ಕ ಮಾರಕೂಡದು. ಕಂಪನಿ ಕೈ ಬದಲಾದರೆ ಲೆಕ್ಕ ಅಳಿಸಿಹಾಕುವ ಹಕ್ಕು ನಮಗಿರಬೇಕು. ಇಂಥ ಖರೀದಿಗೆ ಒಪ್ಪಿಗೆ ಕೊಡುವ ಮುಂಚೆ ರೈತ ಸಂಘಟನೆಗಳ ಮಾತು ಕೇಳಬೇಕು. ಮುಂದಿನ ಗ್ರಾಮಸಭೆಯಲ್ಲಿ ಮೂರನ್ನೂ ಗೊತ್ತುವಳಿ ಮಾಡಿ ತಹಶೀಲ್ದಾರರಿಗೆ ಕೊಡಿ. ಆ್ಯಪ್ ಹಿಡಿದು ಬಾಗಿಲಿಗೆ ಬಂದವನನ್ನು ಮೊದಲು ಕೇಳಿ: ನಾಳೆ ನಿನ್ನ ಕಂಪನೀನ ಯಾರಿಗೆ ಮಾರ್ತೀಯಪ್ಪಾ?