ಸ್ಮಾರ್ಟ್ ಬೋರ್ಡ್ ಬಂತು, ನಡೆಸುವವರು ಯಾರು?

ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳ ಸರಕಾರಿ ಶಾಲೆಗಳಿಗೆ ಹೈಟೆಕ್ ಲ್ಯಾಬ್, ಸ್ಮಾರ್ಟ್ ಬೋರ್ಡ್ ಬಂದಿವೆ. 2011ರಲ್ಲೇ ಮಕ್ಕಳ ಕೈಗೆ ಉಚಿತ ಲ್ಯಾಪ್‌ಟಾಪ್ ಕೊಡಲು ಶುರು ಮಾಡಿದ ರಾಜ್ಯ ತಮಿಳುನಾಡು. ಆದರೆ ಪಾಠದ ಮಧ್ಯೆ ಪ್ರೊಜೆಕ್ಟರ್ ಕೈಕೊಟ್ಟರೆ ಟೀಚರ್ ಯಾರನ್ನು ಕರೆಯಬೇಕು?

ಕೊಯಮತ್ತೂರಿನಿಂದ ವಾಳಯಾರ್ ಗಡಿ ದಾಟಿದರೆ ಉತ್ತರ ಸಿಗುತ್ತದೆ. ಕೇರಳದ ಹೈಸ್ಕೂಲುಗಳಲ್ಲಿ 2018ರಿಂದ 'ಲಿಟಲ್ ಕೈಟ್ಸ್' ಐಟಿ ಕ್ಲಬ್‌ಗಳಿವೆ, ಕಾಸರಗೋಡಿನಲ್ಲೂ ಇವೆ. ಎಂಟನೇ ಕ್ಲಾಸಿನಲ್ಲಿ ಪರೀಕ್ಷೆ ಬರೆದು ಆಯ್ಕೆಯಾದ ಮಕ್ಕಳು ಅನಿಮೇಶನ್, ಪ್ರೋಗ್ರಾಮಿಂಗ್, ಹಾರ್ಡ್‌ವೇರ್ ಕಲಿಯುತ್ತಾರೆ. ಹೈಟೆಕ್ ಕ್ಲಾಸ್‌ರೂಮಿನ ಉಸ್ತುವಾರಿಯಲ್ಲಿ ಟೀಚರಿಗೆ ಕೈಜೋಡಿಸುತ್ತಾರೆ.

ಕರಾವಳಿಯಲ್ಲಿ ದಾನಿಗಳು, ಹಳೇ ವಿದ್ಯಾರ್ಥಿಗಳು ಶಾಲೆಗೆ ಕಂಪ್ಯೂಟರ್ ಕೊಡುವುದು ಹೊಸತಲ್ಲ. ಅದರ ಜೊತೆಗೇ ಹತ್ತು ಮಕ್ಕಳಿಗೆ ತರಬೇತಿಯನ್ನೂ ಕೊಡಿಸಿದರೆ, ಕೊಟ್ಟ ಯಂತ್ರ ಮೂಲೆಯಲ್ಲಿ ಧೂಳು ಹಿಡಿಯುವುದಿಲ್ಲ.