ನಿಮ್ಮ ತೋಟದ ಮಳೆ ಲೆಕ್ಕ ಹೊರಗೆ ಬರಲಿ

ಕೊಡಗು, ಮಲೆನಾಡು, ಕರಾವಳಿಯ ಬಂಧುಗಳೇ,

ದಿನವೂ ಬೆಳಿಗ್ಗೆ ಮಳೆಮಾಪಕ ನೋಡಿ, ಎಷ್ಟು ಇಂಚು ಬಿತ್ತೆಂದು ಬರೆದಿಡುವ ರೂಢಿ ನಮ್ಮ ಕಾಫಿ ತೋಟಗಳಲ್ಲಿ ಅಜ್ಜಂದಿರ ಕಾಲದಿಂದ ಬಂದದ್ದು. ಆ ಪುಸ್ತಕಗಳನ್ನು ಬೀರುವಿನಿಂದ ಹೊರಗೆ ತನ್ನಿ ಎಂದು ಬೇಡಿಕೊಳ್ಳುತ್ತಿದ್ದೇನೆ; ಗುಡ್ಡ ಕುಸಿತದ ಅಪಾಯ ಅಳೆಯಲು ಅವು ಬೇಕು.

2018ರ ಆಗಸ್ಟ್‌ನಲ್ಲಿ ಜೋಡುಪಾಲ, ಮಕ್ಕಂದೂರು ಕಡೆ ಗುಡ್ಡಗಳು ಮನೆಮಠ ಸಮೇತ ಜರಿದವು. 2020ರಲ್ಲಿ ತಲಕಾವೇರಿಯ ಬ್ರಹ್ಮಗಿರಿ, 2024ರ ಜುಲೈ 16ರಂದು ಅಂಕೋಲದ ಶಿರೂರು. ಎಲ್ಲ ಕಡೆಯೂ ಮಳೆಗಾಲದ ನಡುವೆಯೇ.

ಇಂಥ ಅಪಾಯವನ್ನು ಅಳೆಯಲು ಈಗ ಉಪಗ್ರಹಗಳ ನೆರವಿದೆ. 2014ರಲ್ಲಿ ಅಮೆರಿಕದ ನಾಸಾ ಮತ್ತು ಜಪಾನಿನ ಜಾಕ್ಸಾ ಸೇರಿ ಹಾರಿಸಿದ ಜಿಪಿಎಂ ಉಪಗ್ರಹ, ಜೊತೆಗಿನ ಇತರ ಉಪಗ್ರಹಗಳು ಕೊಡುವ ಮಾಹಿತಿಯಿಂದ ಅರ್ಧ ಗಂಟೆಗೊಂದು ಮಳೆ ನಕ್ಷೆ ಸಿದ್ಧವಾಗುತ್ತದೆ. ನಾಸಾದ ವಿಜ್ಞಾನಿಗಳು ಮೊದಲು ರೂಪಿಸಿದ ಭೂಕುಸಿತ ಮಾದರಿ ಹಿಂದಿನ 7 ದಿನಗಳ ಮಳೆಯನ್ನು ಕೂಡಿಸಿ, ಆ ಜಾಗಕ್ಕೆ ಅದು ವಿಪರೀತವೇ ಎಂದು ನೋಡುತ್ತದೆ. ಆಮೇಲೆ ಇಳಿಜಾರು, ಕಡಿದ ಕಾಡು, ಕೊರೆದ ರಸ್ತೆಗಳ ಲೆಕ್ಕವನ್ನೂ ಸೇರಿಸಿ ಅಪಾಯ ಎಷ್ಟೆಂದು ಹೇಳುತ್ತದೆ. ನೆನೆದು ತುಂಬಿದ ಮಣ್ಣಿಗೆ ಇನ್ನೊಂದು ಜಡಿಮಳೆ ಸಾಕು. ಇದು ನಿಮಗೆ ಗೊತ್ತಿದ್ದದ್ದೇ.

ಆದರೆ ಘಟ್ಟದಲ್ಲಿ ಉಪಗ್ರಹ ಎಡವುತ್ತದೆ. ನೆಲದ ಮೇಲಿನ ಮಳೆಯನ್ನು ಅದು ಬಹುಮಟ್ಟಿಗೆ ಮೋಡದೊಳಗಿನ ಹಿಮಕಣಗಳಿಂದ ಊಹಿಸುತ್ತದೆ. ಕಡಲಿಂದ ಬಂದು ಘಟ್ಟಕ್ಕೆ ಬಡಿಯುವ ನಮ್ಮ ಮುಂಗಾರು ಮೋಡಗಳು ಎಷ್ಟೋ ಸಲ ತಗ್ಗಿನವು, ಹಿಮ ಕಡಿಮೆ, ಸುರಿಯುವುದು ಮಾತ್ರ ಹೆಚ್ಚು. ಹಾಗಾಗಿ ಲೆಕ್ಕ ಇಳಿಯುತ್ತದೆ. ಮೇಲಾಗಿ ನಕ್ಷೆಯ ಒಂದೊಂದು ಚೌಕ ಸುಮಾರು 10 ಕಿಲೋಮೀಟರ್ ಅಗಲ. ಗುಡ್ಡದ ಆಚೆಗೆ 8 ಇಂಚು, ಈಚೆಗೆ 3 ಇಂಚು ಬಿದ್ದರೂ ಅದಕ್ಕೆ ಒಂದೇ.

ಈ ತಪ್ಪನ್ನು ತಿದ್ದುವ ಅಳತೆ ನಿಮ್ಮ ಪುಸ್ತಕದಲ್ಲಿದೆ. ಅದರ ಪುಟಗಳ ಫೋಟೊ ತೆಗೆದು, ತೋಟ ಎಲ್ಲಿದೆ ಎಂಬುದನ್ನು ಬರೆದು ಹತ್ತಿರದ ಕೃಷಿ ವಿಜ್ಞಾನ ಕೇಂದ್ರಕ್ಕೋ ಸಂಶೋಧನೆ ನಡೆಸುವ ಕಾಲೇಜಿಗೋ ಕೊಡಿ. ಬರೆ ಜರಿದರೆ, ಸಣ್ಣದೇ ಆಗಲಿ, ದಿನದ ಜೊತೆ ಗಂಟೆಯನ್ನೂ ಗುರುತು ಹಾಕಿ; ಎಷ್ಟು ಮಳೆಗೆ ಯಾವ ಗುಡ್ಡ ಸೋಲುತ್ತದೆಂದು ತಿಳಿಯಲು ಬೇರೆ ದಾರಿಯಿಲ್ಲ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ‘ಭೂಸ್ಖಲನ’ ಆ್ಯಪ್‌ನಲ್ಲಿ ಅದನ್ನು ತಿಳಿಸಬಹುದು.

ಇಳಿಜಾರಿನಲ್ಲಿ ಬಿರುಕು ಬಿಟ್ಟರೆ, ತಿಳಿಯಾಗಿದ್ದ ಒರತೆ ಏಕಾಏಕಿ ಕೆಂಪಾದರೆ ಮಾತ್ರ ಯಾವ ನಕ್ಷೆಗೂ ಕಾಯಬೇಡಿ. ಮಕ್ಕಳು, ಮುದುಕರನ್ನು ಕರೆದುಕೊಂಡು ಮೊದಲು ಅಲ್ಲಿಂದ ಹೊರಡಿ, ಪಕ್ಕದ ಲೈನ್‌ಮನೆಯವರನ್ನೂ ಎಬ್ಬಿಸಿ.