ಹುಡುಗ ದೊಡ್ಡವರ ತಂಡಕ್ಕೆ ಯಾವಾಗ?

ಜೂನಿಯರ್ ಪಂದ್ಯಗಳಲ್ಲಿ ಗೋಲಿನ ಮಳೆ ಸುರಿಸುವ ಹುಡುಗನನ್ನು ಸೀನಿಯರ್ ತಂಡಕ್ಕೆ ಇಳಿಸುವುದು ಯಾವಾಗ? ಶುಕ್ರವಾರದ ಆಟ ಮುಗಿದರೂ ನಮ್ಮಲ್ಲಿ ಮುಗಿಯದ ವಾದ ಇದು.

ಮೈಕಲ್ ಓವನ್ 17ಕ್ಕೇ ಲಿವರ್‌ಪೂಲ್‌ಗೆ ಆಡಿ ಮೊದಲ ಪಂದ್ಯದಲ್ಲೇ ಗೋಲು ಹೊಡೆದರು. 19ಕ್ಕೆ ತೊಡೆಯ ಹಿಂದಿನ ಸ್ನಾಯು ಹರಿಯಿತು. ಆಮೇಲೂ ದೊಡ್ಡ ಪ್ರಶಸ್ತಿ ಗೆದ್ದರು ನಿಜ, ಆ ಮಿಂಚಿನ ಓಟ ಮಾತ್ರ ಮೊದಲಿನಂತಾಗಲಿಲ್ಲ. ಬಲಿಯದ ಮೈಗೆ ಪಂದ್ಯಗಳು ಹೆಚ್ಚಾದವೆಂದೇ ನನ್ನ ಅನಿಸಿಕೆ.

ಹ್ಯಾರಿ ಕೇನ್‌ರನ್ನು ಟಾಟನ್‌ಹ್ಯಾಮ್ ನಾಲ್ಕು ಕ್ಲಬ್‌ಗಳಿಗೆ ಎರವಲು ಕೊಟ್ಟಿತ್ತು. ಮಿಲ್‌ವಾಲ್‌ನಲ್ಲಿ ಗಟ್ಟಿ ಡಿಫೆಂಡರ್‌ಗಳ ತಳ್ಳಾಟದಲ್ಲಿ ಪಳಗಿದರು, ಲೆಸ್ಟರ್‌ನಲ್ಲಿ ಬೆಂಚಿನ ಮೇಲೆ ಕೂತು ಕಾದರು. 2014-15ರಲ್ಲಿ, 21ರ ವಯಸ್ಸಿಗೆ, 31 ಗೋಲು!

ಬೆನ್ನಿಗೆ ಆಳೊಬ್ಬ ಅಂಟಿಕೊಂಡಾಗಲೂ ಚೆಂಡು ಬಿಡದವನು ಸಿದ್ಧ ಅಂತ ನನ್ನ ಲೆಕ್ಕ. ಊರಿನ ಅಕಾಡೆಮಿಗೆ ಇಲ್ಲಿಂದ ಮಗನ ಫೀಸು ಕಳಿಸುವವರು ಕೋಚ್‌ಗೆ ಫೋನ್ ಮಾಡಿದಾಗ, ಗೋಲೆಷ್ಟು ಅನ್ನುವ ಬದಲು ವಾರಕ್ಕೆ ಎಷ್ಟು ಪಂದ್ಯ ಆಡಿಸುತ್ತೀರಿ ಅಂತ ಕೇಳಿ.